ಎರಡು ಸೆಲ್ಲಿನಿಂದ 400 ವೋಲ್ಟ್: ಗೈಗರ್ ಮಾಪಕಕ್ಕೆ ಕಡಿಮೆ ವಿದ್ಯುತ್ತಿನ ಬೂಸ್ಟ್ ಸರ್ಕ್ಯೂಟ್ ಕಟ್ಟುವ ಬಗೆ

ಮೈಸೂರು, ಮಂಡ್ಯದ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಮನೆಯಲ್ಲಿಯೇ ಸರ್ಕ್ಯೂಟ್ ಕಟ್ಟುವ ಹವ್ಯಾಸಿಗಳೂ ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಸರ್, ಗೈಗರ್ ಟ್ಯೂಬ್ ತರಿಸಿದ್ದೇನೆ, 400 ವೋಲ್ಟ್ ಬರುತ್ತಲೂ ಇದೆ, ಆದರೆ ಸೆಲ್ಲು ಎರಡೇ ದಿನಕ್ಕೆ ಖಾಲಿಯಾಗುತ್ತದೆ, ಯಾಕೆ?" ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವುದಕ್ಕಿಂತ, ಬ್ಯಾಟರಿಯಲ್ಲಿ ನಡೆಯುವ ವಿಕಿರಣ ಮಾಪಕಕ್ಕೆ ಬೇಕಾದ ಹೈ ವೋಲ್ಟೇಜ್ ಭಾಗವನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಕಡೆ ವಿವರಿಸುವುದು ಮೇಲೆಂದು ಈ ಲೇಖನ ಬರೆಯುತ್ತಿದ್ದೇನೆ. ಇಲ್ಲಿರುವ ಸರ್ಕ್ಯೂಟ್ ಎರಡು ಎಎ ಸೆಲ್ಲುಗಳಿಂದ, ಅಂದರೆ ಗೋಡೆ ಗಡಿಯಾರಕ್ಕೆ ಹಾಕುವ ಅಳತೆಯ ಸೆಲ್ಲುಗಳಿಂದ, 400 ವೋಲ್ಟ್ ಕೊಡುತ್ತದೆ. ಎಚ್ಚರಿಕೆಯಿಂದ ಕಟ್ಟಿದರೆ ಸರಾಸರಿ 100 ಮೈಕ್ರೊಆಂಪಿಯರ್ ಆಸುಪಾಸಿನಲ್ಲಿ ನಡೆಯುತ್ತದೆ. ಡಿಸ್‌ಪ್ಲೇ ಮತ್ತು ಸ್ಪೀಕರಿನ ಖರ್ಚನ್ನು ಬಿಟ್ಟರೆ, ಒಳ್ಳೆಯ ಆಲ್ಕಲೈನ್ ಸೆಲ್ಲುಗಳ ಒಂದು ಜೊತೆ ವರ್ಷಕ್ಕೂ ಹೆಚ್ಚು ಕಾಲ ಬರಬೇಕು.

ಬೂಸ್ಟ್ ಸರ್ಕ್ಯೂಟ್ ಎಂದರೆ ಕಡಿಮೆ ವೋಲ್ಟೇಜನ್ನು ಹೆಚ್ಚಿಸಿಕೊಡುವ ಸರ್ಕ್ಯೂಟ್. ತಂತಿಯ ಕಾಯಿಲ್ ಒಂದಕ್ಕೆ ಬ್ಯಾಟರಿಯಿಂದ ಕರೆಂಟು ಹರಿಸಿ, ಆ ಹರಿವನ್ನು ಥಟ್ಟನೆ ಕಡಿದರೆ ಕಾಯಿಲಿನ ತುದಿಯಲ್ಲಿ ವೋಲ್ಟೇಜು ನೆಗೆಯುತ್ತದೆ. ಪಂಪ್‌ಸೆಟ್ ಓಡುತ್ತಿರುವಾಗ ವಾಲ್ವನ್ನು ಒಮ್ಮೆಗೇ ಮುಚ್ಚಿದರೆ ಪೈಪಿನೊಳಗೆ ನೀರು ದಡ್ಡನೆ ಗುದ್ದುವುದನ್ನು ಗದ್ದೆಯ ಬದಿಯಲ್ಲಿ ಬೆಳೆದವರೆಲ್ಲ ಕಂಡಿರುತ್ತಾರೆ. ಕಾಯಿಲಿನ ಇಂಥದೇ ಗುದ್ದನ್ನು, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡಿನ ಮೂಲಕ, ವಿದ್ಯುದಂಶವನ್ನು ಹಿಡಿದಿಡುವ ಕೆಪಾಸಿಟರಿಗೆ ತುಂಬಿಕೊಳ್ಳುವುದೇ ಇಲ್ಲಿಯ ಕೆಲಸ.

ಮುಂದುವರಿಯುವ ಮುನ್ನ ಎಚ್ಚರಿಕೆಯ ಮಾತು. ಈ ಸರ್ಕ್ಯೂಟಿನ ಹೊರಮುಖದ ಕೆಪಾಸಿಟರುಗಳಲ್ಲಿ ಉಳಿಯುವ ಶಕ್ತಿ ಒಂದೆರಡು ಮಿಲಿಜೌಲ್ ಮಾತ್ರ. ಮುಟ್ಟಿದರೆ ಚುರುಕ್ಕೆನ್ನುತ್ತದೆ, ಕೈ ಬೆದರಿ ಹಿಂದಕ್ಕೆ ಹೋಗುತ್ತದೆ, ಆ ಗಾಬರಿಯಲ್ಲಿ ಬಿಸಿ ಸೋಲ್ಡರಿಂಗ್ ಐರನ್ ತಾಗಿದವರಿದ್ದಾರೆ. ಹಳೆಯ ಕ್ಯಾಮೆರಾದ ಫ್ಲ್ಯಾಶ್ ಸರ್ಕ್ಯೂಟನ್ನು ಕಿತ್ತು ಬಳಸುವ ಸಲಹೆ ಕೆಲವೆಡೆ ಕಾಣುತ್ತದೆ. ದಯವಿಟ್ಟು ಅದನ್ನು ಪಾಲಿಸಬೇಡಿ. ಆ ಕೆಪಾಸಿಟರುಗಳು ನೂರು ಮೈಕ್ರೊಫ್ಯಾರಡ್ ಗಾತ್ರದವು. 330 ವೋಲ್ಟಿಗೆ ತುಂಬಿದಾಗ ಅವುಗಳಲ್ಲಿ ಹಲವು ಜೌಲ್ ಇರುತ್ತದೆ, ಅದು ಪ್ರಾಣಾಪಾಯದ ಮಟ್ಟ. ನಮ್ಮ ಸರ್ಕ್ಯೂಟಿನಲ್ಲಿಯೂ ಸೆಲ್ಲು ತೆಗೆದ ಮೇಲೆ ಒಂದು ನಿಮಿಷ ಕಾಯ್ದ ನಂತರವೇ ಬೋರ್ಡು ಮುಟ್ಟಿರಿ.

ಹಂತ 1: ಟ್ಯೂಬಿನ ಅಗತ್ಯವನ್ನು ಬರೆದಿಟ್ಟುಕೊಳ್ಳಿ

ಗೈಗರ್-ಮ್ಯೂಲರ್ ಟ್ಯೂಬ್ ಎಂದರೆ ಕಡಿಮೆ ಒತ್ತಡದ ಅನಿಲ ತುಂಬಿದ ಕೊಳವೆ. ಹ್ಯಾನ್ಸ್ ಗೈಗರ್ ಮತ್ತು ವಾಲ್ಟರ್ ಮ್ಯೂಲರ್ 1928ರಲ್ಲಿ ರೂಪಿಸಿದ ಈ ಸಾಧನದ ಮೂಲ ರಚನೆ ಇಂದಿಗೂ ಹೆಚ್ಚು ಬದಲಾಗಿಲ್ಲ. ವಿಕಿರಣದ ಒಂದು ಕಣ ಒಳಹೊಕ್ಕರೆ ಅನಿಲ ಕ್ಷಣಕಾಲ ವಿದ್ಯುತ್ ಹರಿಯಗೊಡುತ್ತದೆ, ನಾವು ಅದನ್ನು ಒಂದು ಎಣಿಕೆ ಎಂದು ಲೆಕ್ಕ ಹಿಡಿಯುತ್ತೇವೆ. ಉದಾಹರಣೆಗೆ ಸುಲಭವಾಗಿ ಸಿಗುವ ಸೋವಿಯತ್ ಕಾಲದ ಎಸ್‌ಬಿಎಂ-20 ಟ್ಯೂಬನ್ನು ತೆಗೆದುಕೊಳ್ಳೋಣ. ಅದು 350ರಿಂದ 475 ವೋಲ್ಟಿನ ನಡುವೆ ಕೆಲಸ ಮಾಡುತ್ತದೆ, ಸೂಚಿಸಿರುವ ವೋಲ್ಟೇಜು 400. ಈ ವ್ಯಾಪ್ತಿಯ ನಡುಭಾಗದಲ್ಲಿ ವೋಲ್ಟೇಜು ಸ್ವಲ್ಪ ಏರಿಳಿದರೂ ಎಣಿಕೆ ಹೆಚ್ಚು ಬದಲಾಗುವುದಿಲ್ಲ; ಈ ಸಮತಟ್ಟು ವಲಯಕ್ಕೆ ಪ್ಲಾಟೋ ಎನ್ನುತ್ತಾರೆ. ಆದ್ದರಿಂದ ನಮ್ಮ ಸರ್ಕ್ಯೂಟು 400 ವೋಲ್ಟನ್ನು ಕೂದಲೆಳೆಯಷ್ಟೂ ತಪ್ಪದೆ ಕೊಡಬೇಕಾಗಿಲ್ಲ. ಹತ್ತು ವೋಲ್ಟ್ ಆಚೀಚೆಯಾದರೂ ನಡೆಯುತ್ತದೆ. ನಿಮ್ಮಲ್ಲಿರುವುದು ಬೇರೆ ಟ್ಯೂಬಾದರೆ ಅದರ ವೋಲ್ಟೇಜನ್ನು ಅದರದೇ ಮಾಹಿತಿ ಹಾಳೆಯಿಂದ ತೆಗೆದುಕೊಳ್ಳಿ, ಊಹಿಸಬೇಡಿ.

ಹಂತ 2: ವಿದ್ಯುತ್ತು ಎಲ್ಲಿ ಹೋಗುತ್ತದೆಂದು ಲೆಕ್ಕ ಹಾಕಿ

ಹೆಚ್ಚಿನವರು ಎಡವುವುದು ಇಲ್ಲಿ, ಹಾಗಾಗಿ ಇದನ್ನು ನಿಧಾನವಾಗಿ ಓದಿ. ಟ್ಯೂಬು ಒಂದು ಎಣಿಕೆಗೆ ಎಳೆದುಕೊಳ್ಳುವ ವಿದ್ಯುದಂಶ ಸುಮಾರು ಒಂದು ನ್ಯಾನೊಕೂಲಂಬ್ ದರ್ಜೆಯದು. ಸಹಜ ಹಿನ್ನೆಲೆ ವಿಕಿರಣದಲ್ಲಿ ನಿಮಿಷಕ್ಕೆ ಇಪ್ಪತ್ತು ಎಣಿಕೆ ಬಂದರೆ ಸರಾಸರಿ ಕರೆಂಟು ಒಂದು ನ್ಯಾನೊಆಂಪಿಯರಿಗಿಂತಲೂ ಕಡಿಮೆ. ಅಂದರೆ ಟ್ಯೂಬು ಇದ್ದರೂ ಇಲ್ಲದಿದ್ದರೂ ಬ್ಯಾಟರಿಗೆ ವ್ಯತ್ಯಾಸವೇ ತಿಳಿಯದು.

ಹಾಗಾದರೆ ಸೆಲ್ಲು ಎರಡು ದಿನಕ್ಕೆ ಬರಿದಾಗುವುದು ಹೇಗೆ? ವೋಲ್ಟೇಜು ಸರಿಯಿದೆಯೇ ಎಂದು ನೋಡಲು ನಾವೇ ಹಾಕಿದ ರೆಸಿಸ್ಟರ್ ಜೋಡಿಯಿಂದ, ಬೋರ್ಡಿನ ಮೇಲಿನ ಕೊಳೆ ಮತ್ತು ತೇವದಿಂದ, ಕಾಯಿಲಿಗೆ ಕರೆಂಟಿನ ಮಿಡಿತಗಳನ್ನು, ಅಂದರೆ ಪಲ್ಸ್‌ಗಳನ್ನು, ಕೊಡಲು ಸದಾ ಓಡುತ್ತಲೇ ಇರುವ ಆಸಿಲೇಟರಿನಿಂದ, ಬಿಡಿಭಾಗಗಳಲ್ಲಿ ತಾನಾಗಿಯೇ ಇರುವ ಬಿಡಿ ಕೆಪಾಸಿಟೆನ್ಸ್ ಪ್ರತಿ ಪಲ್ಸಿನಲ್ಲಿಯೂ ನುಂಗುವ ಶಕ್ತಿಯಿಂದ. ವೋಲ್ಟೇಜು ನೋಡಲು 10 ಮೆಗಾಓಮ್ ಹಾಕಿದಿರಿ ಎನ್ನಿ: 400 ವೋಲ್ಟಿನಲ್ಲಿ ಅದರ ಮೂಲಕ 40 ಮೈಕ್ರೊಆಂಪಿಯರ್ ಹರಿಯುತ್ತದೆ, 16 ಮಿಲಿವ್ಯಾಟ್ ಉರಿಯುತ್ತದೆ. ಅದೇ ಜಾಗದಲ್ಲಿ 1 ಗಿಗಾಓಮ್, ಅಂದರೆ ಸಾವಿರ ಮೆಗಾಓಮ್ ಹಾಕಿದರೆ ಖರ್ಚು 0.16 ಮಿಲಿವ್ಯಾಟಿಗೆ ಇಳಿಯುತ್ತದೆ. ನೂರು ಪಟ್ಟು ಉಳಿತಾಯ ಈ ಒಂದೇ ಬದಲಾವಣೆಯಲ್ಲಿದೆ. ಹೈ ವೋಲ್ಟೇಜನ್ನು ಎಬ್ಬಿಸುವ ಕಾಯಿಲಿನ ಬಗ್ಗೆ ವಾರಗಟ್ಟಲೆ ತಲೆ ಕೆಡಿಸಿಕೊಂಡು, ಅದು ಸೋರಿಹೋಗುವ ದಾರಿಗಳನ್ನು ಮರೆಯುವುದೇ ನಾನು ಕಂಡ ಬಹುಪಾಲು ವಿನ್ಯಾಸಗಳ ಕೊರತೆ.

ಸಾಮಾನ್ಯ 555 ಐಸಿಯನ್ನು ಆಸಿಲೇಟರಾಗಿ ಬಳಸಿದರೆ ಅದೊಂದೇ ಕೆಲವು ಮಿಲಿಆಂಪಿಯರ್ ಕುಡಿಯುತ್ತದೆ. ಅದರ ಕಡಿಮೆ ವಿದ್ಯುತ್ತಿನ ಸಿಮಾಸ್ ರೂಪ ವಾಸಿ, ಆದರೂ ಅದು ಬಿಡುವಿಲ್ಲದೆ ಓಡುತ್ತದೆ. ನಮಗೆ ಬೇಕಾಗಿರುವುದು ಅಗತ್ಯವಿದ್ದಾಗ ಮಾತ್ರ ಎದ್ದು ಒಂದು ಪಲ್ಸ್ ಕೊಟ್ಟು ಮತ್ತೆ ಮಲಗುವ ಏರ್ಪಾಡು.

ಹಂತ 3: ಕಾಯಿಲ್ ಮತ್ತು ಸ್ವಿಚ್ ಆರಿಸಿ

ಕಾಯಿಲಿನಲ್ಲಿ ಸಂಗ್ರಹವಾಗುವ ಶಕ್ತಿ ಅದರ ಇಂಡಕ್ಟೆನ್ಸಿನ ಅರ್ಧವನ್ನು ಕರೆಂಟಿನ ವರ್ಗದಿಂದ ಗುಣಿಸಿದಷ್ಟು. 1 ಮಿಲಿಹೆನ್ರಿಯ ಕಾಯಿಲಿಗೆ 100 ಮಿಲಿಆಂಪಿಯರ್ ಹರಿಸಿದರೆ 5 ಮೈಕ್ರೊಜೌಲ್. ಇದರ ಎದುರಿಗೆ ನಿಲ್ಲುವುದು ಬಿಡಿ ಕೆಪಾಸಿಟೆನ್ಸ್: ಕಾಯಿಲಿನ ಸುತ್ತುಗಳ ನಡುವೆ, ಟ್ರಾನ್ಸಿಸ್ಟರಿನೊಳಗೆ, ಡಯೋಡಿನೊಳಗೆ ತಾನಾಗಿಯೇ ಇರುವ, ನಾವು ಬೇಕೆಂದು ಹಾಕದ ಕೆಪಾಸಿಟೆನ್ಸ್. ಅದೆಲ್ಲ ಸೇರಿ 80 ಪಿಕೊಫ್ಯಾರಡ್ ಎಂದುಕೊಳ್ಳಿ. ಕಾಯಿಲೂ ಸ್ವಿಚ್ಚೂ ಸೇರುವ ಜಾಗವನ್ನು, ಅಂದರೆ ಸ್ವಿಚ್ ಬಿಂದುವನ್ನು, ನೇರವಾಗಿ 400 ವೋಲ್ಟಿಗೆ ಎತ್ತಬೇಕಾದರೆ ಈ 80 ಪಿಕೊಫ್ಯಾರಡನ್ನು ತುಂಬಲಿಕ್ಕೇ ಪ್ರತಿ ಸಲ 6.4 ಮೈಕ್ರೊಜೌಲ್ ಬೇಕು. ಕಾಯಿಲಿನಲ್ಲಿ ಇರುವುದೇ 5! ಅಂದರೆ ಪಲ್ಸಿನ ಮೇಲೆ ಪಲ್ಸ್ ಕೊಟ್ಟರೂ ವೋಲ್ಟೇಜು ಸುಮಾರು 350ರಲ್ಲಿ ನಿಂತುಬಿಡುತ್ತದೆ, ಬ್ಯಾಟರಿ ಮಾತ್ರ ಕರಗುತ್ತದೆ. "ಎಷ್ಟು ಮಾಡಿದರೂ 400 ಮುಟ್ಟುತ್ತಿಲ್ಲ" ಎಂಬ ದೂರಿನ ಹಿಂದೆ ಬಹಳ ಸಲ ಇರುವ ಕಾರಣ ಇದೇ.

ಇದಕ್ಕೆ ಎರಡು ಪರಿಹಾರಗಳಿವೆ. ಕರೆಂಟನ್ನು ಹೆಚ್ಚಿಸಿ ಪ್ರತಿ ಪಲ್ಸನ್ನು ದಪ್ಪ ಮಾಡಬಹುದು. ಇಲ್ಲವೇ ಸ್ವಿಚ್ ಬಿಂದುವನ್ನು ಕಡಿಮೆ ವೋಲ್ಟೇಜಿಗೆ ಎತ್ತಿ, ಅಲ್ಲಿಂದ ಮುಂದೆ ಡಯೋಡ್ ಮತ್ತು ಕೆಪಾಸಿಟರುಗಳ ಏಣಿಯಿಂದ ಗುಣಿಸಿಕೊಳ್ಳಬಹುದು. ನಾನು ಎರಡನೆಯದನ್ನು ಖಚಿತವಾಗಿ ಮೆಚ್ಚುತ್ತೇನೆ. ವ್ಯರ್ಥವಾಗುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, ಮೂರನೇ ಒಂದು ಭಾಗದ ವೋಲ್ಟೇಜಿಗೆ ಒಂಬತ್ತನೇ ಒಂದು ಭಾಗದ ನಷ್ಟ. 133 ವೋಲ್ಟಿಗೆ ಮಾತ್ರ ಎತ್ತಿದರೆ ಅದೇ 80 ಪಿಕೊಫ್ಯಾರಡ್ ನುಂಗುವುದು 0.7 ಮೈಕ್ರೊಜೌಲ್.

ಸ್ವಿಚ್ಚಿನ ಆಯ್ಕೆಯೂ ಇದರಿಂದ ಸುಲಭವಾಗುತ್ತದೆ. ಇಲ್ಲಿ ಸ್ವಿಚ್ಚಾಗಿ ಕೆಲಸ ಮಾಡುವುದು ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರು; ಅದರ ಗೇಟ್ ಎಂಬ ಕಾಲಿಗೆ ವೋಲ್ಟೇಜು ಕೊಟ್ಟರೆ ಅದು ತೆರೆದು ಕರೆಂಟು ಹರಿಯಗೊಡುತ್ತದೆ. 600 ವೋಲ್ಟ್ ತಡೆಯುವ ಮಾಸ್‌ಫೆಟ್‌ಗಳ ಗೇಟಿಗೆ ಸಾಮಾನ್ಯವಾಗಿ 10 ವೋಲ್ಟ್ ಬೇಕು. 3 ವೋಲ್ಟಿನ ಬ್ಯಾಟರಿಯಿಂದ ಅವು ಪೂರ್ತಿ ತೆರೆಯುವುದೇ ಇಲ್ಲ. 240 ವೋಲ್ಟಿನ ಝಡ್‌ವಿಎನ್4424ಎ ಎರಡೂವರೆ ವೋಲ್ಟಿನ ಗೇಟಿಗೂ ತೆರೆಯುವಂತೆ ಮಾಡಿದ್ದು, ಆಗ ಅದರ ರೋಧ ಸುಮಾರು 6 ಓಮ್. ಅದು ಸಿಗದಿದ್ದರೆ ಅದೇ ಗುಣದ ಬೇರೆಯದನ್ನು ಹುಡುಕಿ, ಆದರೆ ಮಾಹಿತಿ ಹಾಳೆಯಲ್ಲಿ ಆನ್ ರೋಧವನ್ನು ಯಾವ ಗೇಟ್ ವೋಲ್ಟೇಜಿಗೆ ಕೊಟ್ಟಿದ್ದಾರೆಂದು ನೋಡದೆ ಕೊಳ್ಳಬೇಡಿ.

ಕಾಯಿಲಿನ ವಿಷಯದಲ್ಲಿ ಮೋಸ ಹೋಗುವುದು ಸುಲಭ. ರೆಸಿಸ್ಟರಿನಂತೆಯೇ ಕಾಣುವ, ಬಣ್ಣದ ಪಟ್ಟೆಗಳ ಪುಟ್ಟ 1 ಮಿಲಿಹೆನ್ರಿ ಕಾಯಿಲ್ ಅಗ್ಗವಾಗಿ ಸಿಗುತ್ತದೆ. ಅದರ ತಂತಿಯ ರೋಧವೇ ಹತ್ತಾರು ಓಮ್ ಇರುತ್ತದೆ, 100 ಮಿಲಿಆಂಪಿಯರಿಗೆ ಮುಂಚೆಯೇ ಅದರ ತಿರುಳು ಸ್ಯಾಚುರೇಟ್ ಆಗುತ್ತದೆ. ಸ್ಯಾಚುರೇಟ್ ಆಗುವುದೆಂದರೆ ತಿರುಳು ಇನ್ನು ಕಾಂತಶಕ್ತಿಯನ್ನು ಹಿಡಿಯಲಾರದ ಸ್ಥಿತಿ. ಆಮೇಲೆ ಹರಿಯುವ ಕರೆಂಟೆಲ್ಲ ಬರೀ ಶಾಖ. ಡ್ರಮ್ ಆಕಾರದ ಫೆರೈಟ್ ತಿರುಳಿನ, 2ರಿಂದ 3 ಓಮ್ ರೋಧದ, ಕನಿಷ್ಠ 200 ಮಿಲಿಆಂಪಿಯರ್ ತಡೆಯುವ ಕಾಯಿಲ್ ಕೇಳಿ ತನ್ನಿ. ಇಲ್ಲಿಯ ಅಂಗಡಿಗಳಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿ. ಕೆಟ್ಟುಹೋದ ಸಿಎಫ್‌ಎಲ್ ಬಲ್ಬಿನ ಬುಡದಲ್ಲಿರುವ ಕಾಯಿಲೂ ಕೆಲಸಕ್ಕೆ ಬರುತ್ತದೆ. ಅದು ಸಾಮಾನ್ಯವಾಗಿ ಕೆಲವು ಮಿಲಿಹೆನ್ರಿ ಇರುವುದರಿಂದ ಸ್ವಿಚ್ ತೆರೆದಿರುವ ಸಮಯವನ್ನು ಅದೇ ಪ್ರಮಾಣದಲ್ಲಿ ಹೆಚ್ಚಿಸಬೇಕು. ಬಲ್ಬಿನ ಗಾಜಿನೊಳಗೆ ಪಾದರಸವಿದೆ, ಅದನ್ನು ಒಡೆಯಬಾರದು.

3 ವೋಲ್ಟಿನಲ್ಲಿ, ಕಾಯಿಲ್ ಮತ್ತು ಸ್ವಿಚ್ಚಿನ ರೋಧವನ್ನೂ ಸೇರಿಸಿ ಲೆಕ್ಕ ಹಾಕಿದರೆ, 1 ಮಿಲಿಹೆನ್ರಿಯಲ್ಲಿ ಕರೆಂಟು 100 ಮಿಲಿಆಂಪಿಯರ್ ತಲುಪಲು ಸುಮಾರು 39 ಮೈಕ್ರೊಸೆಕೆಂಡು ಬೇಕು. ಸೆಲ್ಲುಗಳು 2 ವೋಲ್ಟಿಗೆ ಇಳಿದಾಗ ಅದೇ ಸಮಯದಲ್ಲಿ 66 ಮಿಲಿಆಂಪಿಯರ್ ಮಾತ್ರ ತಲುಪುತ್ತದೆ, ಶಕ್ತಿ 2.2 ಮೈಕ್ರೊಜೌಲ್. ಆಗಲೂ 0.7ಕ್ಕಿಂತ ಅದು ಸಾಕಷ್ಟು ಮೇಲಿದೆ.

ಹಂತ 4: ಮೂರು ಪಟ್ಟು ಮಾಡುವ ಏಣಿ

ಭೌತವಿಜ್ಞಾನಿಗಳಾದ ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ 1932ರಲ್ಲಿ ಕೇಂಬ್ರಿಜ್‌ನಲ್ಲಿ ಲಿಥಿಯಂ ಪರಮಾಣು ಬೀಜವನ್ನು ಒಡೆಯಲು ಬಳಸಿದ್ದು ಇದೇ ಬಗೆಯ ಏಣಿಯನ್ನು. ಅವರದು ಲಕ್ಷಗಟ್ಟಲೆ ವೋಲ್ಟಿನದು, ನಮ್ಮದು ಅಂಗೈಯಗಲದ್ದು. ಐದು ಡಯೋಡು, ಐದು ಕೆಪಾಸಿಟರು ಬೇಕು. ಡಯೋಡಿಗೆ ಬಿಎವಿ21, ಕೆಪಾಸಿಟರಿಗೆ 47 ನ್ಯಾನೊಫ್ಯಾರಡ್, 250 ವೋಲ್ಟಿನ ಫಿಲ್ಮ್ ಮಾದರಿ.

ಕಾಯಿಲೂ ಮಾಸ್‌ಫೆಟ್ಟಿನ ಡ್ರೇನ್ ಎಂಬ ಕಾಲೂ ಸೇರುವುದು ಸ್ವಿಚ್ ಬಿಂದು. ಅಲ್ಲಿಂದ ಮೊದಲ ಡಯೋಡು ಬಿಂದು ಕ-ಗೆ, ಕ-ದಿಂದ ನೆಲಕ್ಕೆ, ಅಂದರೆ ಬ್ಯಾಟರಿಯ ಋಣ ತುದಿಗೆ ಸೇರಿದ ಗ್ರೌಂಡಿಗೆ, ಮೊದಲ ಕೆಪಾಸಿಟರು. ಎರಡನೆಯ ಕೆಪಾಸಿಟರು ಸ್ವಿಚ್ ಬಿಂದುವಿನಿಂದ ಬಿಂದು ಚ-ಗೆ. ಎರಡನೆಯ ಡಯೋಡು ಕ-ದಿಂದ ಚ-ಗೆ, ಮೂರನೆಯದು ಚ-ದಿಂದ ಖ-ಗೆ. ಮೂರನೆಯ ಕೆಪಾಸಿಟರು ಖ ಮತ್ತು ಕ ನಡುವೆ. ನಾಲ್ಕನೆಯ ಕೆಪಾಸಿಟರು ಚ-ದಿಂದ ಬಿಂದು ಛ-ಗೆ. ನಾಲ್ಕನೆಯ ಡಯೋಡು ಖ-ದಿಂದ ಛ-ಗೆ, ಐದನೆಯದು ಛ-ದಿಂದ ಗ-ಗೆ. ಐದನೆಯ ಕೆಪಾಸಿಟರು ಗ ಮತ್ತು ಖ ನಡುವೆ. ಕ-ದಲ್ಲಿ 133, ಖ-ದಲ್ಲಿ 266, ಗ-ದಲ್ಲಿ 400 ವೋಲ್ಟ್ ಸಿಗುತ್ತದೆ. ಯಾವ ಬಿಡಿಭಾಗದ ಮೇಲೂ 133 ವೋಲ್ಟಿಗಿಂತ ಹೆಚ್ಚು ಬೀಳುವುದಿಲ್ಲ ಎಂಬುದು ಈ ಜೋಡಣೆಯ ಸೊಗಸು. ಕಾಗದದ ಮೇಲೆ ಒಮ್ಮೆ ಬರೆದುಕೊಂಡು ನೋಡಿದರೆ ಏಣಿಯ ಮೆಟ್ಟಿಲುಗಳು ಸ್ಪಷ್ಟವಾಗುತ್ತವೆ.

ಕೈಗೆ ಸಿಕ್ಕಿತೆಂದು 1ಎನ್4007 ಡಯೋಡು ಹಾಕಬೇಡಿ. ಅದು ಮನೆಯ 50 ಹರ್ಟ್ಸ್ ವಿದ್ಯುತ್ತಿಗೆ ಮಾಡಿದ ನಿಧಾನದ ಡಯೋಡು. ಕಾಯಿಲಿನ ಗುದ್ದು ಕೆಲವೇ ಮೈಕ್ರೊಸೆಕೆಂಡಿನಲ್ಲಿ ಮುಗಿಯುತ್ತದೆ, ಅಷ್ಟರಲ್ಲಿ ಇದು ಮುಚ್ಚಿಕೊಳ್ಳದೆ ತುಂಬಿದ್ದನ್ನು ಹಿಂದಕ್ಕೆ ಬಿಟ್ಟುಕೊಡುತ್ತದೆ. ಎಲೆಕ್ಟ್ರೊಲೈಟಿಕ್ ಕೆಪಾಸಿಟರನ್ನೂ ಏಣಿಯಲ್ಲಿ ಬಳಸಬಾರದು, ಅದರೊಳಗಿನ ಸೋರಿಕೆಯೇ ನಮ್ಮ ಇಡೀ ಖರ್ಚನ್ನು ಮೀರುತ್ತದೆ.

ಹಂತ 5: ವೋಲ್ಟೇಜನ್ನು ಕಾಯುವ ಕಣ್ಣು

ಗ ಬಿಂದುವಿನಿಂದ ಹತ್ತು 100 ಮೆಗಾಓಮ್ ರೆಸಿಸ್ಟರುಗಳನ್ನು ಸಾಲಾಗಿ ಇಳಿಸಿ 1 ಗಿಗಾಓಮ್ ಮಾಡಿ. ಒಂದೇ ದೊಡ್ಡ ರೆಸಿಸ್ಟರು ಹಾಕುವುದಕ್ಕಿಂತ ಇದು ಮೇಲು, ಏಕೆಂದರೆ ಸಾಧಾರಣ ಕಾಲು ವ್ಯಾಟಿನ ರೆಸಿಸ್ಟರುಗಳು 250 ವೋಲ್ಟಿನ ಆಸುಪಾಸಿಗೆ ಮಾತ್ರ ಖಾತರಿ ಕೊಡುತ್ತವೆ. ಸಾಲಿನಲ್ಲಿ ಒಂದೊಂದಕ್ಕೆ 40 ವೋಲ್ಟ್ ಮಾತ್ರ ಬೀಳುತ್ತದೆ. ಅದರ ಕೆಳಗೆ ನೆಲಕ್ಕೆ 2.7 ಮೆಗಾಓಮ್ ಮತ್ತು 500 ಕಿಲೊಓಮಿನ ಟ್ರಿಮ್ ಪಾಟ್, ಅಂದರೆ ಸ್ಕ್ರೂಡ್ರೈವರಿನಿಂದ ತಿರುಗಿಸುವ ಪುಟ್ಟ ಹೊಂದಾಣಿಕೆ ರೆಸಿಸ್ಟರು. ಗಿಗಾಓಮಿನ ಸಾಲೂ 2.7 ಮೆಗಾಓಮೂ ಸೇರುವ ಬಿಂದುವನ್ನು ಎಲ್‌ಟಿಸಿ1540 ಕಂಪೇರೇಟರಿಗೆ ಕೊಡಿ. ಕಂಪೇರೇಟರ್ ಎಂದರೆ ಎರಡು ವೋಲ್ಟೇಜುಗಳಲ್ಲಿ ಯಾವುದು ಹೆಚ್ಚೆಂದು ಹೇಳುವ ಐಸಿ. ಇದರೊಳಗೆ 1.182 ವೋಲ್ಟಿನ ಸ್ಥಿರ ಅಳತೆಗೋಲಿದೆ, ತನ್ನ ಖರ್ಚು 0.3 ಮೈಕ್ರೊಆಂಪಿಯರ್ ಮಾತ್ರ. ಟ್ರಿಮ್ ಪಾಟ್ ತಿರುಗಿಸಿದಂತೆ ಹೊರಮುಖ ಸುಮಾರು 370ರಿಂದ 439 ವೋಲ್ಟಿನ ನಡುವೆ ನಿಲ್ಲುತ್ತದೆ. ಅದರ ನಡುಗಾಲನ್ನು ಒಂದು ತುದಿಗೆ ಕಡ್ಡಾಯವಾಗಿ ಸೇರಿಸಿ. ನಡುಗಾಲು ಒಳಗೆ ಬಿಟ್ಟುಕೊಂಡರೂ ರೋಧ ಪೂರ್ತಿಯಾಗಿ ವೋಲ್ಟೇಜು ಕೆಳಗಿಳಿಯುತ್ತದೆಯೇ ಹೊರತು ಏರುವುದಿಲ್ಲ.

ಕಂಪೇರೇಟರ್ ಯಾಕೆ, ಸರ್ಕ್ಯೂಟನ್ನು ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್ಪಾದ ಮೈಕ್ರೊಕಂಟ್ರೋಲರಿನ ಪಿನ್ನಿಗೇ ನೇರವಾಗಿ ಕೊಡಬಹುದಲ್ಲ ಎಂದು ಕೇಳುವವರಿದ್ದಾರೆ. ನಮ್ಮ ಸಾಲಿನಲ್ಲಿ ಹರಿಯುವುದು 400 ನ್ಯಾನೊಆಂಪಿಯರ್. ಮೈಕ್ರೊಕಂಟ್ರೋಲರಿನ ಪಿನ್ನು 50 ನ್ಯಾನೊಆಂಪಿಯರ್ ಸೋರಿಸಿದರೂ ಎಂಟನೇ ಒಂದು ಭಾಗ ತಪ್ಪಾಯಿತು, ಅಂದರೆ 50 ವೋಲ್ಟಿನ ತಪ್ಪು. ಬಿಸಿಲೇರಿದಾಗ ಅದು ಇನ್ನೂ ಹೆಚ್ಚುತ್ತದೆ. ಮೇಲೆ ಹೇಳಿದ ಕಂಪೇರೇಟರಿನ ಸೋರಿಕೆ ಹೆಚ್ಚೆಂದರೆ 1 ನ್ಯಾನೊಆಂಪಿಯರ್.

ಹಂತ 6: ಎದ್ದು, ನೋಡಿ, ಮಲಗುವ ಪ್ರೋಗ್ರಾಂ

ಅಟೈನಿ85ವಿ ಮೈಕ್ರೊಕಂಟ್ರೋಲರ್ ಸಾಕು. ಕೊನೆಯ ವಿ ಅಕ್ಷರ ಮುಖ್ಯ, ಅದು 1.8 ವೋಲ್ಟಿನವರೆಗೂ ನಡೆಯುತ್ತದೆ, ಸಾದಾ ಅಟೈನಿ85ಕ್ಕೆ 2.7 ವೋಲ್ಟ್ ಬೇಕು. ಅದನ್ನು ಪೂರ್ತಿ ನಿದ್ರೆಗೆ ಹಾಕಿ, ಅದರೊಳಗೇ ಇರುವ ವಾಚ್‌ಡಾಗ್ ಎಂಬ ಟೈಮರಿನಿಂದ 16 ಮಿಲಿಸೆಕೆಂಡಿಗೊಮ್ಮೆ ಎಬ್ಬಿಸಿ. ಎದ್ದ ಕೂಡಲೇ ಕಂಪೇರೇಟರನ್ನು ನೋಡಬೇಕು: ವೋಲ್ಟೇಜು ಸಾಕಷ್ಟಿದ್ದರೆ ಮತ್ತೆ ನಿದ್ರೆ, ಕಡಿಮೆಯಿದ್ದರೆ 39 ಮೈಕ್ರೊಸೆಕೆಂಡಿನ ಒಂದು ಪಲ್ಸ್, ಒಂದು ಮಿಲಿಸೆಕೆಂಡು ಬಿಡುವು, ಮತ್ತೆ ನೋಡುವುದು. ಬಿಡುವು ಯಾಕೆಂದರೆ ಗಿಗಾಓಮಿನ ಸಾಲು ಹೊಸ ವೋಲ್ಟೇಜನ್ನು ತೋರಿಸಲು ತುಸು ಹೊತ್ತು ತೆಗೆದುಕೊಳ್ಳುತ್ತದೆ. ಆತುರಪಟ್ಟರೆ ಗುರಿ ಮೀರಿ ಹೋಗುತ್ತದೆ.

ಒಂದೇ ಸಮನೆ 1500 ಪಲ್ಸ್ ಕೊಟ್ಟರೂ ಕಂಪೇರೇಟರು ಒಪ್ಪದಿದ್ದರೆ ನಿಲ್ಲಿಸಿ ದೋಷ ಸೂಚಿಸುವಂತೆ ಬರೆಯಿರಿ. ಸಾಲಿನ ಹತ್ತು ರೆಸಿಸ್ಟರುಗಳಲ್ಲಿ ಒಂದರ ಸೋಲ್ಡರು ಬಿಟ್ಟುಕೊಂಡರೂ ಕಂಪೇರೇಟರಿಗೆ ಸೊನ್ನೆ ಕಾಣುತ್ತದೆ, ಮಿತಿಯಿಲ್ಲದಿದ್ದರೆ ಸರ್ಕ್ಯೂಟು ಏರುತ್ತಲೇ ಹೋಗಿ ಟ್ಯೂಬನ್ನು ಕೆಡಿಸುತ್ತದೆ. ಗೇಟಿಗೆ ಪಿನ್ನನ್ನು ನೇರವಾಗಿ ಕೊಡದೆ 10 ನ್ಯಾನೊಫ್ಯಾರಡ್ ಕೆಪಾಸಿಟರಿನ ಮೂಲಕ ಕೊಟ್ಟು, ಗೇಟಿನಿಂದ ನೆಲಕ್ಕೆ 100 ಕಿಲೊಓಮ್ ಹಾಕಿ. ಪ್ರೋಗ್ರಾಂ ಎಲ್ಲಿಯೋ ಸಿಕ್ಕಿಕೊಂಡು ಪಿನ್ನು ಎತ್ತಿದಂತೆಯೇ ಉಳಿದರೂ ಸ್ವಿಚ್ ತಾನಾಗಿ ಮುಚ್ಚುತ್ತದೆ, ಕಾಯಿಲ್ ಸುಡುವುದಿಲ್ಲ.

ಕೊಟ್ಟ ಪಲ್ಸ್‌ಗಳನ್ನು ಪ್ರೋಗ್ರಾಂ ಎಣಿಸಿಟ್ಟುಕೊಳ್ಳಲಿ. ಈ ಸಂಖ್ಯೆ ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ. ಪಲ್ಸಿಗೆ ಸುಮಾರು 4 ಮೈಕ್ರೊಜೌಲ್ ಹೊರಮುಖಕ್ಕೆ ತಲುಪುತ್ತದೆಂದು ಹಿಡಿದರೆ, 0.16 ಮಿಲಿವ್ಯಾಟಿಗೆ ಸೆಕೆಂಡಿಗೆ 40 ಪಲ್ಸ್ ಸಾಕು.

ಹಂತ 7: ಬೋರ್ಡು, ಕೊಳೆ, ಮಳೆಗಾಲ

ಒಂದೇ ಒಂದು ಅನುಭವ ಹೇಳುತ್ತೇನೆ. ಬೇಸಿಗೆಯಲ್ಲಿ ಸೆಕೆಂಡಿಗೆ 45 ಪಲ್ಸಿನಲ್ಲಿ ನಡೆಯುತ್ತಿದ್ದ ನನ್ನ ಬೋರ್ಡು, ಜುಲೈ ತಿಂಗಳ ಜಡಿಮಳೆಯ ಒಂದು ಬೆಳಿಗ್ಗೆ 170 ತೋರಿಸಿತು. ವೋಲ್ಟೇಜು ಸರಿಯಿತ್ತು, ಎಣಿಕೆಯೂ ಸರಿಯಿತ್ತು. ಹೆಚ್ಚಿನ 125 ಪಲ್ಸ್ ಎಂದರೆ ಅರ್ಧ ಮಿಲಿವ್ಯಾಟ್, ಅಂದರೆ ಎಲ್ಲಿಯೋ ಸುಮಾರು 320 ಮೆಗಾಓಮಿನ ಗುಪ್ತ ದಾರಿ. ಭೂತಗನ್ನಡಿ ಹಿಡಿದು ನೋಡಿದಾಗ ಏಣಿಯ ತುದಿಯ ಗ ಬಿಂದುವಿನಿಂದ ಪಕ್ಕದ ನೆಲದ ಪಟ್ಟಿಯವರೆಗೆ, ಬೆಲ್ಲದ ಪಾಕದ ಬಣ್ಣದ, ಹೊಳೆಯುವ ತೆಳು ಪೊರೆಯೊಂದು ಹರಡಿತ್ತು. ಸೋಲ್ಡರಿನ ಫ್ಲಕ್ಸ್ ಅದು, ಒಣಗಿದ್ದಾಗ ನಿರೋಧಕ, ತೇವ ಹೀರಿದಾಗ ವಾಹಕ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹಲ್ಲುಜ್ಜುವ ಬ್ರಷ್ಷಿನಿಂದ ಎರಡು ಸಲ ತಿಕ್ಕಿ, ಒಣಗಿಸಿದ ಮೇಲೆ ಸಂಖ್ಯೆ 44ಕ್ಕೆ ಮರಳಿತು.

ಆದ್ದರಿಂದ 400 ವೋಲ್ಟಿನ ಭಾಗವನ್ನು ಬೋರ್ಡಿನ ಒಂದು ಮೂಲೆಗೆ ಸರಿಸಿ, ನೆಲದ ಪಟ್ಟಿಯಿಂದ ಕನಿಷ್ಠ 4 ಮಿಲಿಮೀಟರ್ ದೂರವಿಡಿ, ಸಾಧ್ಯವಾದರೆ ನಡುವೆ ಬೋರ್ಡನ್ನೇ ಸೀಳಿ ಸಂದು ಮಾಡಿ. ತೊಳೆದ ಬೋರ್ಡನ್ನು ಬೆರಳಿನಿಂದ ಮುಟ್ಟಬೇಡಿ, ಬೆವರಿನ ಉಪ್ಪು ಸಾಕು. ಚೆನ್ನಾಗಿ ಒಣಗಿಸಿದ ಮೇಲೆ ಅಕ್ರಿಲಿಕ್ ಲೇಪನ ಹೊಡೆಯಿರಿ. ಒಣಗಿಸದೆ ಲೇಪಿಸಿದರೆ ತೇವವನ್ನು ಒಳಗೇ ಬಂಧಿಸಿದಂತಾಗುತ್ತದೆ. ನಾಲೆ ಬಯಲಿನ ಗದ್ದೆಗಳಲ್ಲಿ ಮಾಪಕ ಹಿಡಿದು ಓಡಾಡುವವರಿಗೆ, ಬೆಳಗಿನ ಇಬ್ಬನಿಯ ಕಾರಣ, ಇದು ಐಚ್ಛಿಕವಲ್ಲ. ಸೋರಿಕೆಯ ಜಾಗವೂ ಮುಖ್ಯ: ಮೇಲಿನ ಗಿಗಾಓಮಿಗೆ ಸಮಾಂತರವಾಗಿ ಸೋರಿದರೆ ವೋಲ್ಟೇಜು ಇಳಿಯುತ್ತದೆ, ಕೆಳಗಿನ ರೆಸಿಸ್ಟರಿಗೆ ಸಮಾಂತರವಾಗಿ ಸೋರಿದರೆ ಏರುತ್ತದೆ. ಎರಡನೆಯದು ಹೆಚ್ಚು ಅಪಾಯಕಾರಿ, ಹಾಗಾಗಿ ಟ್ರಿಮ್ ಪಾಟಿನ ಸುತ್ತಲೂ ವಿಶೇಷವಾಗಿ ತೊಳೆಯಿರಿ.

ಹಂತ 8: ಮೊದಲ ಚಾಲನೆ ಮತ್ತು ಅಳತೆ

ಟ್ಯೂಬು ಜೋಡಿಸದೆ, ಟ್ರಿಮ್ ಪಾಟನ್ನು ಅತಿ ಹೆಚ್ಚು ರೋಧದ ಕಡೆ ತಿರುಗಿಸಿ, ಸೆಲ್ಲು ಹಾಕಿ. ಈಗ ಮಲ್ಟಿಮೀಟರನ್ನು ನೇರವಾಗಿ 400 ವೋಲ್ಟಿನ ಬಿಂದುವಿಗೆ ಇಡುವ ಆಸೆಯಾಗುತ್ತದೆ, ಇಡಬೇಡಿ. ಸಾಮಾನ್ಯ ಡಿಜಿಟಲ್ ಮೀಟರಿನ ಒಳರೋಧ 10 ಮೆಗಾಓಮ್, ಅದು 16 ಮಿಲಿವ್ಯಾಟ್ ಕೇಳುತ್ತದೆ. ಮಿಲಿಸೆಕೆಂಡಿಗೊಂದು ಪಲ್ಸ್ ಕೊಡುವ ನಮ್ಮ ಸರ್ಕ್ಯೂಟಿನ ಶಕ್ತಿ 4 ಮಿಲಿವ್ಯಾಟ್ ಮಾತ್ರ. ಮೀಟರಿನಲ್ಲಿ ವೋಲ್ಟೇಜು 200ರ ಕಡೆಗೆ ಕುಸಿಯುತ್ತದೆ, ಒಂದೆರಡು ಸೆಕೆಂಡಿನಲ್ಲಿ ಪ್ರೋಗ್ರಾಂ ದೋಷವೆಂದು ನಿಂತುಬಿಡುತ್ತದೆ, ನೀವು ಸರಿಯಿದ್ದ ಸರ್ಕ್ಯೂಟನ್ನು ಬಿಚ್ಚಲು ಕೂರುತ್ತೀರಿ.

ಅದರ ಬದಲು ಇನ್ನೊಂದು ಹತ್ತು 100 ಮೆಗಾಓಮ್ ರೆಸಿಸ್ಟರುಗಳ ಸಾಲನ್ನು ಪ್ಲಾಸ್ಟಿಕ್ ನಳಿಕೆಯೊಳಗೆ ಇಟ್ಟು ಪ್ರೋಬ್ ಮಾಡಿಕೊಳ್ಳಿ. ಅದನ್ನು ಮೀಟರಿಗೆ ಸರಣಿಯಲ್ಲಿ ಸೇರಿಸಿದರೆ ಮೀಟರು ನಿಜವಾದ ವೋಲ್ಟೇಜಿನ 101ನೇ ಒಂದು ಭಾಗ ತೋರಿಸುತ್ತದೆ. 400 ವೋಲ್ಟಿಗೆ 3.96. ಪ್ರೋಬ್ ತಾಗಿಸಿದ ಕೂಡಲೇ ಪಲ್ಸ್ ಸಂಖ್ಯೆ 40ರ ಆಸುಪಾಸಿನಿಂದ 80ರ ಆಸುಪಾಸಿಗೆ ಏರಬೇಕು, ಏಕೆಂದರೆ ನೀವು ಮತ್ತೊಂದು ಗಿಗಾಓಮಿನ ಹೊರೆ ಹಾಕಿದ್ದೀರಿ. ಹಾಗೆ ಏರಿದರೆ ನಿಮ್ಮ ಲೆಕ್ಕವೂ ಸರ್ಕ್ಯೂಟೂ ಒಂದನ್ನೊಂದು ಒಪ್ಪಿದಂತೆ. ಇದಕ್ಕಿಂತ ಸುಲಭವಾದ ಪರೀಕ್ಷೆಯನ್ನು ನಾನು ಕಂಡಿಲ್ಲ.

ಬ್ಯಾಟರಿಯ ಕರೆಂಟನ್ನು ಅಳೆಯಲು ಸೆಲ್ಲಿಗೆ ಸರಣಿಯಲ್ಲಿ 100 ಓಮ್, ಅದರಾಚೆ ಸರ್ಕ್ಯೂಟಿನ ಕಡೆ ನೆಲಕ್ಕೆ 1000 ಮೈಕ್ರೊಫ್ಯಾರಡ್ ಹಾಕಿ ಪಲ್ಸ್‌ಗಳನ್ನು ಸಮ ಮಾಡಿ. ರೆಸಿಸ್ಟರಿನ ಮೇಲೆ 10 ಮಿಲಿವೋಲ್ಟ್ ಎಂದರೆ 100 ಮೈಕ್ರೊಆಂಪಿಯರ್. ಅಳತೆ ಮುಗಿದ ಮೇಲೆ ಎರಡನ್ನೂ ತೆಗೆದು, ಕಾಯಿಲಿನ ಪಕ್ಕದಲ್ಲಿ 47 ಮೈಕ್ರೊಫ್ಯಾರಡಿನ ಸೆರಾಮಿಕ್ ಕೆಪಾಸಿಟರನ್ನು ಮಾತ್ರ ಉಳಿಸಿ.

ಹಂತ 9: ಟ್ಯೂಬು ಜೋಡಿಸಿ, ಪ್ಲಾಟೋ ಹುಡುಕಿ

ಗ ಬಿಂದುವಿನಿಂದ ಟ್ಯೂಬಿನ ಆನೋಡಿಗೆ, ಅಂದರೆ ಧನ ತುದಿಗೆ, 5.1 ಮೆಗಾಓಮ್ ರೆಸಿಸ್ಟರು ಹಾಕಿ. ರೆಸಿಸ್ಟರು ಟ್ಯೂಬಿಗೆ ಅಂಟಿಕೊಂಡಂತಿರಲಿ, ನಡುವೆ ಉದ್ದ ತಂತಿ ಬೇಡ. ಆ ತಂತಿಯ ಬಿಡಿ ಕೆಪಾಸಿಟೆನ್ಸಿನಲ್ಲಿ ಕೂತ ವಿದ್ಯುದಂಶವೆಲ್ಲ ಪ್ರತಿ ಎಣಿಕೆಯಲ್ಲಿಯೂ ಟ್ಯೂಬಿನೊಳಗೆ ಸುರಿದು ಅದರ ಆಯುಷ್ಯ ಕಡಿಮೆ ಮಾಡುತ್ತದೆ. ಸಂಕೇತವನ್ನು ಕ್ಯಾಥೋಡಿನ, ಅಂದರೆ ಋಣ ತುದಿಯ, ಕಡೆಯಿಂದ, 100 ಕಿಲೊಓಮಿನ ಮೇಲಿಂದ ತೆಗೆದುಕೊಳ್ಳಿ. ಬೂಸ್ಟ್ ಪಲ್ಸೇ ಎಣಿಕೆಯಂತೆ ಕಾಣಬಹುದಾದ್ದರಿಂದ, ಪಲ್ಸ್ ಕೊಡುವಾಗ ಮತ್ತು ಅದರ ನಂತರದ 100 ಮೈಕ್ರೊಸೆಕೆಂಡು ಎಣಿಕೆಯನ್ನು ಮುಚ್ಚಿಡಿ. ಟ್ಯೂಬಿನ ಒಂದು ತುದಿ ಕಳಚಿ ಒಂದು ಗಂಟೆ ಬಿಟ್ಟಾಗ ಎಣಿಕೆ ಸೊನ್ನೆ ಇರಬೇಕು.

ಪರೀಕ್ಷೆಗೆ ವಿಕಿರಣದ ಮೂಲ ಎಲ್ಲಿ ಸಿಗುತ್ತದೆ ಎಂಬುದು ಮುಂದಿನ ಪ್ರಶ್ನೆ. ಹೊಗೆ ಪತ್ತೆ ಯಂತ್ರಗಳನ್ನು ಬಿಚ್ಚುವುದು, ಹಳೆಯ ಪೆಟ್ರೋಮ್ಯಾಕ್ಸ್ ಮ್ಯಾಂಟಲ್‌ಗಳನ್ನು ಹುಡಿ ಮಾಡುವುದು ಬೇಡ. ವಿಕಿರಣ ಮೂಲಗಳು ನಮ್ಮ ದೇಶದಲ್ಲಿ ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಮಗಳಿಗೆ ಒಳಪಟ್ಟಿವೆ, ಧೂಳು ಉಸಿರಿಗೆ ಹೋಗುವುದು ನಿಜವಾದ ಹಾನಿ. ಮಂಡ್ಯದ ಕಡೆಯವರಿಗೆ ಉತ್ತರ ಮನೆಯ ಉಗ್ರಾಣದಲ್ಲಿಯೇ ಇದೆ: ಕಬ್ಬಿಗೆ ಹಾಕುವ ಪೊಟ್ಯಾಷ್ ಗೊಬ್ಬರ. ಅದು ಪೊಟ್ಯಾಸಿಯಂ ಕ್ಲೋರೈಡ್. ಪ್ರಕೃತಿಯ ಪೊಟ್ಯಾಸಿಯಂನಲ್ಲಿ ಶೇಕಡಾ 0.0117ರಷ್ಟು ಪೊಟ್ಯಾಸಿಯಂ-40 ಇರುತ್ತದೆ. ಒಂದು ಗ್ರಾಂ ಪೊಟ್ಯಾಸಿಯಂನಲ್ಲಿ ಸೆಕೆಂಡಿಗೆ ಸುಮಾರು 31 ಪರಮಾಣುಗಳು ವಿಘಟನೆಯಾಗುತ್ತವೆ. ಅರ್ಧ ಕಿಲೊ ಗೊಬ್ಬರವನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿ ಮೊಹರು ಮಾಡಿ ಟ್ಯೂಬಿಗೆ ತಾಗುವಂತೆ ಇಟ್ಟರೆ ಹಿನ್ನೆಲೆಗಿಂತ ಎಣಿಕೆ ಗುರುತಿಸುವಷ್ಟು ಏರುತ್ತದೆ. ಗೊಬ್ಬರ ತೇವ ಹೀರುವ ವಸ್ತು, ಚೀಲ ಸೋರಿ ಬೋರ್ಡಿನ ಮೇಲೆ ಬೀಳದಂತೆ ನೋಡಿಕೊಳ್ಳಿ.

ಟ್ರಿಮ್ ಪಾಟನ್ನು 370ರಿಂದ ಶುರುಮಾಡಿ 10 ವೋಲ್ಟಿನ ಮೆಟ್ಟಿಲುಗಳಲ್ಲಿ ಏರಿಸುತ್ತ, ಪ್ರತಿ ಮೆಟ್ಟಿಲಿನಲ್ಲಿಯೂ ಗೊಬ್ಬರದ ಚೀಲ ಅಲುಗದಂತೆ ಕನಿಷ್ಠ 30 ನಿಮಿಷ ಎಣಿಸಿ. ಇಲ್ಲಿ ಅವಸರ ಮಾಡಿದವರೆಲ್ಲ ಇಲ್ಲದ ಏರಿಳಿತ ಕಂಡಿದ್ದಾರೆ. ವಿಘಟನೆ ಯಾದೃಚ್ಛಿಕ, ಅಂದರೆ ಮುಂಚಿತವಾಗಿ ಹೇಳಲಾಗದ್ದು. 100 ಎಣಿಕೆಯಲ್ಲಿ 10ರ ಆಚೀಚೆ, 900 ಎಣಿಕೆಯಲ್ಲಿ 30ರ ಆಚೀಚೆ ಸಹಜ. ಎಣಿಕೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಉಳಿಯುವ ಪಟ್ಟಿಯ ನಡುವೆ ವೋಲ್ಟೇಜನ್ನು ನಿಲ್ಲಿಸಿ, ಟ್ರಿಮ್ ಪಾಟಿನ ತಿರುಪಿಗೆ ಒಂದು ಹನಿ ಉಗುರುಬಣ್ಣ ಹಚ್ಚಿ. ಆಮೇಲೆ ಪ್ರೋಬ್ ತೆಗೆದು, ಆ ವೋಲ್ಟೇಜನ್ನೂ ಆ ದಿನದ ಪಲ್ಸ್ ಸಂಖ್ಯೆಯನ್ನೂ ತಾರೀಖಿನೊಂದಿಗೆ ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲಿ ಬರೆದಿಡಿ. ಮುಂದಿನ ಮಳೆಗಾಲದಲ್ಲಿ ಸೆಲ್ಲು ಬೇಗ ಖಾಲಿಯಾಗತೊಡಗಿದರೆ ನೀವು ಮೊದಲು ಹೋಲಿಸಿ ನೋಡಬೇಕಾದ ಸಂಖ್ಯೆ ಅದೇ.